ಜಾರೋ ಮೂಲೆಮಟ್ಟ ಮಾಡಿದ್ದು ಒಬ್ಬ ರೈತ

ಕೆಂಗೇರಿ, ಕುಂಬಳಗೋಡು ಕಡೆ ಹಳೇ ಮನೆ ಕೆಡವುವಾಗ ಅಟ್ಟದ ಮೇಲಿನ ಆಚಾರಿ ಸಾಮಾನೆಲ್ಲ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗ್ತಿದೆ. ಅದರಲ್ಲಿ ಉದ್ದಕ್ಕೂ ನಡುವೆ ಗೀರು ಕೊರೆದಿರೋ ಉಕ್ಕಿನ ಅಳತೆಪಟ್ಟಿ, ಅದರ ಮೇಲೆ ಜಾರೋ ದಪ್ಪ ಕಬ್ಬಿಣದ ತಲೆ ಕಂಡ್ರೆ ಸ್ವಲ್ಪ ತಡೀರಿ. ಅದು ಕಾಂಬಿನೇಷನ್ ಸ್ಕ್ವೇರ್. ಐಟಿಐ ಫಿಟ್ಟರ್ ಓದಿ ರಾಜಾಜಿನಗರ, ಪೀಣ್ಯದಲ್ಲಿ ದುಡಿದ ನಮ್ಮ ಹುಡುಗರಿಗೆ ಇದು ಚೆನ್ನಾಗಿ ಗೊತ್ತು.

ಇದನ್ನ ಮಾಡಿದವನು ಇಂಜಿನಿಯರ್ ಅಲ್ಲ, ಬೇಸಾಯಗಾರ. ಹೆಸರು ಲರಾಯ್ ಸ್ಟಾರೆಟ್. 1836ರಲ್ಲಿ ಅಮೆರಿಕದ ಮೇನ್ ರಾಜ್ಯದ ರೈತರ ಮನೇಲಿ ಹುಟ್ಟಿದವನು. ನ್ಯೂಬರಿಪೋರ್ಟ್ ಹತ್ರ ಬೇರೆಯವರ ಜಮೀನು ಗುತ್ತಿಗೆಗೆ ಮಾಡಿಕೊಂಡಿದ್ದ. ಆಗಲೇ, 1865ರಲ್ಲಿ, ಮಾಂಸ ಕೊಚ್ಚೋ ಯಂತ್ರಕ್ಕೆ ಪೇಟೆಂಟ್ ತಗೊಂಡ. ಆಮೇಲೆ ಬೇಸಾಯ ಬಿಟ್ಟು ಆಥೋಲ್ ಅನ್ನೋ ಊರು ಸೇರಿದ. 1879ರಲ್ಲಿ ಈ ಮೂಲೆಮಟ್ಟಕ್ಕೆ ಪೇಟೆಂಟ್, ಮಾರನೇ ವರ್ಷ ಸ್ವಂತ ಕಂಪನಿ.

ಮೊದಲಿದ್ದ ಮೂಲೆಮಟ್ಟದಲ್ಲಿ ಪಟ್ಟಿ, ಹಿಡಿ ಎರಡೂ ಬಿಗಿದು ಕೂತಿರ್ತಿದ್ವು. ಸ್ಟಾರೆಟ್ ತಲೆಯನ್ನ ಜಾರೋ ಹಾಗೆ ಮಾಡಿ, ಒಂದು ತಿರುಪು ಕೊಟ್ಟ. ಸಡಿಲ ಮಾಡು, ಬೇಕಾದ ಕಡೆ ನಿಲ್ಲಿಸು, ಬಿಗಿ ಮಾಡು. ಒಂದು ಕಡೆ 90 ಡಿಗ್ರಿ, ಇನ್ನೊಂದು ಕಡೆ 45. ತೂತಿನ ಆಳ ನೋಡಬಹುದು, ಹಲಗೆ ಅಂಚಿಗೆ ಸಮನಾಗಿ ಗೆರೆ ಎಳೀಬಹುದು. ಎಷ್ಟೋ ತಲೆಗಳಲ್ಲಿ ಪುಟ್ಟ ರಸಮಟ್ಟಾನೂ ಇರುತ್ತೆ.

ಅದೇ ಕಾಲಕ್ಕೆ ಸ್ಟ್ಯಾನ್ಲಿ ಕಂಪನಿಯವರು 'ಆಡ್ ಜಾಬ್ಸ್' ಅಂತ ತಂದ್ರು, 1887ರ ಪೇಟೆಂಟ್. ಮೂಲೆಮಟ್ಟ, ರಸಮಟ್ಟ, ಗೆರೆ ಎಳೆಯೋ ಗೇಜು, ವೃತ್ತ ಎಳೆಯೋದು, ಹತ್ತು ಕೆಲಸ ಒಂದರಲ್ಲೇ ಅಂತ ಜಾಹೀರಾತು. ನೋಡೋಕೆ ಚೆಂದ. ಈಗ ಅದು ಹಳೇ ವಸ್ತು ಸಂಗ್ರಹ ಮಾಡೋರ ಕಪಾಟಿನಲ್ಲಿದೆ, ಸ್ಟಾರೆಟ್ಟನ ಪಟ್ಟಿ ಇನ್ನೂ ವರ್ಕ್‌ಶಾಪ್‌ನಲ್ಲಿದೆ. ನನ್ನ ಲೆಕ್ಕದಲ್ಲಿ ಕಾರಣ ಇಷ್ಟೇ: ಇವನು ಒಂದೇ ಒಂದು ಜಾಗ ಸಡಿಲ ಬಿಟ್ಟ, ಅದನ್ನೂ ಗಟ್ಟಿಯಾಗಿ ಬಿಗಿಯೋ ಹಾಗೆ ಮಾಡಿದ. ಪವರ್ ಟಿಲ್ಲರ್‌ಗೆ ಎಂಟು ಅಟ್ಯಾಚ್‌ಮೆಂಟ್ ಅಂತ ಮಾರೋಕೆ ಬರೋರ ಹತ್ರಾನೂ ನಾನು ಮೊದಲು ಬಿಗಿಯೋ ಜಾಗಾನೇ ನೋಡೋದು.

ನಿಮ್ಮ ಕೈಗೆ ಸಿಕ್ಕಿದ್ದು ಸರಿ ಇದೆಯಾ ನೋಡೋಕೆ ದುಡ್ಡು ಬೇಡ. ನೆಟ್ಟಗಿರೋ ಹಲಗೆ ಅಂಚಿಗೆ ತಲೆ ಒತ್ತಿ ಒಂದು ಗೆರೆ ಎಳೀರಿ. ಪಟ್ಟಿ ಮಗುಚಿ ಹಾಕಿ, ಅದೇ ಚುಕ್ಕೆಯಿಂದ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಬಿದ್ರೆ ಸರಿ ಇದೆ. ಬಾಯಿ ಬಿಟ್ಟ ಹಾಗೆ ಕಂಡ್ರೆ, ಕಾಣೋ ಸಂದಿಯ ಅರ್ಧದಷ್ಟು ವಾರೆ. ತುಕ್ಕಿದ್ರೆ ಸೀಮೆಎಣ್ಣೆಯಲ್ಲಿ ನೆನೆಸಿ ಒರೆಸಿ. ಗ್ರೈಂಡರ್‌ಗೆ ಮಾತ್ರ ಕೊಡಬೇಡಿ, ಅಂಕಿಗಳು ಅಳಿಸಿಹೋಗ್ತವೆ.