ಎಂಡೊಮೆಟ್ರಿಯೋಸಿಸ್: ಅರಿವು ಬೆಳೆದುಬಂದ ದಾರಿ

ಗರ್ಭಾಶಯದ ಒಳಪೊರೆಯನ್ನು ಹೋಲುವ ಅಂಗಾಂಶವು ಸ್ವಸ್ಥಾನವನ್ನು ಬಿಟ್ಟು ಅಂಡಾಶಯದ ಮೇಲೋ ಕರುಳಿನ ಹೊರಮೈಯಲ್ಲೋ ಮೂತ್ರಕೋಶದ ಬಳಿಯಲ್ಲೋ ಬೇರೂರಿ, ತಿಂಗಳು ತಿಂಗಳೂ ಋತುಚಕ್ರದ ಹಾರ್ಮೋನುಗಳಿಗೆ ಓಗೊಟ್ಟು, ಉರಿಯೂತವನ್ನೂ ದುಸ್ಸಹವಾದ ವೇದನೆಯನ್ನೂ ಉಂಟುಮಾಡುವ ವ್ಯಾಧಿಯೇ ಎಂಡೊಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನಯೋಗ್ಯ ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 10ರಷ್ಟು, ಎಂದರೆ ಸುಮಾರು 19 ಕೋಟಿ ಮಂದಿಯನ್ನು ಕಾಡುವ ಈ ರೋಗವನ್ನು ವೈದ್ಯಶಾಸ್ತ್ರವು ಮೊದಲು ಕಂಡದ್ದು ಸೂಕ್ಷ್ಮದರ್ಶಕದಲ್ಲಿ. ರೋಗಿಯ ಮಾತಿನಲ್ಲಿ ಅದನ್ನು ಗುರುತಿಸಲು ಮತ್ತೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

1860ರಲ್ಲಿ ವಿಯೆನ್ನಾದ ಕಾರ್ಲ್ ಫಾನ್ ರೊಕಿಟಾನ್ಸ್ಕಿ ಇಂತಹ ಅಂಗಾಂಶವನ್ನು ವರ್ಣಿಸಿದನೆಂಬುದು ರೂಢಿಯ ಮಾತು. ರೋಗದ ಸ್ವರೂಪವನ್ನು ವಿಶದಪಡಿಸಿದ ಕೀರ್ತಿಯಾದರೋ ಅಮೆರಿಕದ ಆಲ್ಬನಿ ನಗರದ ಜಾನ್ ಸ್ಯಾಂಪ್ಸನ್‌ಗೆ ಸಲ್ಲತಕ್ಕದ್ದು. ಅಂಡಾಶಯದೊಳಗೆ ಹಳೆಯ ರಕ್ತವು ಮಡುಗಟ್ಟಿ, ಕಂದುಬಣ್ಣದ ಮಂದ ದ್ರವವಾಗಿ ನಿಂತ ಗಂಟುಗಳನ್ನು, ಇಂದಿಗೂ ವೈದ್ಯರು ‘ಚಾಕೊಲೇಟ್ ಸಿಸ್ಟ್’ ಎನ್ನುವವನ್ನು, 1921ರಲ್ಲಿ ವಿವರಿಸಿದ ಆತನು, ಮುಟ್ಟಿನ ರಕ್ತದ ಒಂದಂಶ ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹರಿದು, ತನ್ನೊಡನೆ ಒಯ್ದ ಜೀವಕೋಶಗಳನ್ನು ಉದರದಲ್ಲಿ ನೆಲೆಗೊಳಿಸುವುದೆಂದು 1927ರಲ್ಲಿ ಪ್ರತಿಪಾದಿಸಿದನು. ಆದರೆ ಈ ಹಿಮ್ಮುಖ ಸ್ರಾವವು ಬಹುಪಾಲು ಸ್ತ್ರೀಯರಲ್ಲಿ ಸಹಜವೆಂದು ಮುಂದೆ ತಿಳಿದುಬಂದುದರಿಂದ, ಕೆಲವರಲ್ಲಿ ಮಾತ್ರವೇ ರೋಗ ತಲೆದೋರುವುದೇಕೆಂಬ ಪ್ರಶ್ನೆ ಉಳಿಯಿತು. ಅನುವಂಶೀಯತೆ, ರೋಗನಿರೋಧಕ ಶಕ್ತಿಯ ವೈಪರೀತ್ಯ ಇವು ಅದಕ್ಕೆ ಅರ್ಧ ಉತ್ತರವನ್ನಷ್ಟೇ ಕೊಡಬಲ್ಲವು.

1940ರ ದಶಕದಲ್ಲಿ ಬಾಸ್ಟನ್ನಿನ ವೈದ್ಯ ಜೋ ಮೆಗ್ಸ್ ಈ ರೋಗಕ್ಕಾಗಿ ತಡವಾದ ವಿವಾಹವನ್ನೂ ಮುಂದೂಡಿದ ಸಂತಾನವನ್ನೂ ದೂರಿದನು. 1958ರಲ್ಲಿ ರಾಬರ್ಟ್ ಕಿಸ್ಟ್ನರ್ ಹಾರ್ಮೋನುಗಳಿಂದ ಗರ್ಭಾವಸ್ಥೆಯನ್ನೇ ಅನುಕರಿಸುವ ಚಿಕಿತ್ಸೆಯನ್ನು ಮುಂದಿಟ್ಟನು. “ಒಂದು ಮಗುವಾದರೆ ಎಲ್ಲ ಸರಿಹೋಗುತ್ತೆ” ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಸಮಾಧಾನಕ್ಕೂ ಈ ವಿದ್ವಾಂಸರ ಮಾತಿಗೂ ದೂರ ಬಹಳವಿಲ್ಲ. ಗರ್ಭಧಾರಣೆಯಿಂದ ರೋಗ ಗುಣವಾಗದು. ಎಷ್ಟೋ ಮಂದಿಗೆ ಮಗುವಾಗದಿರುವುದೇ ಈ ರೋಗದ ಫಲವಾಗಿರುವಾಗ, ಆ ಮಾತನ್ನು ಅವರೆದುರು ಆಡುವುದು ಕ್ರೌರ್ಯವೆಂದೇ ನನ್ನ ಭಾವನೆ.

ಅನಂತರ ಡ್ಯಾನಜೋಲ್ ಎಂಬ ಔಷಧ ಬಂದಿತು. ಈಚೆಗೆ ಡೈನೊಜೆಸ್ಟ್ ಮಾತ್ರೆ ಬಳಕೆಗೆ ಬಂದಿದೆ. ಉದರದೊಳಕ್ಕೆ ಸಣ್ಣ ನಳಿಕೆಯನ್ನು ಇಳಿಸಿ ನೋಡುವ ಲ್ಯಾಪರೊಸ್ಕೋಪಿಯಿಂದ ಗಾಯಗಳನ್ನು ಕಣ್ಣಾರೆ ಕಂಡು ತೆಗೆಯುವುದು ಸಾಧ್ಯವಾಯಿತಾದರೂ, ಅವು ಮರುಕಳಿಸುವುದುಂಟು. ರೋಗವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ ಮೇಲೆ ವಿಚಿತ್ರವೊಂದು ಸ್ಪಷ್ಟವಾಯಿತು: ಮೊದಲ ಹಂತದವಳು ನೋವಿನಿಂದ ಹಾಸಿಗೆ ಹಿಡಿದಿರಬಹುದು, ನಾಲ್ಕನೆಯ ಹಂತದವಳಿಗೆ ನೋವೇ ಇಲ್ಲದಿರಬಹುದು. ಗಾಯದ ವಿಸ್ತಾರದಿಂದ ವೇದನೆಯನ್ನು ಅಳೆಯಲಾಗದೆಂದ ಮೇಲೆ, ವೇದನೆಗೆ ಪ್ರಮಾಣವೆಂದರೆ ಅದನ್ನು ಅನುಭವಿಸುವವಳ ಮಾತೇ.

2022ರಲ್ಲಿ ಯುರೋಪಿನ ಸಂತಾನವೈದ್ಯ ತಜ್ಞರ ಸಂಘವು, ಶಸ್ತ್ರಕ್ರಿಯೆಯಿಂದ ಖಚಿತವಾಗುವವರೆಗೂ ಕಾಯದೆ, ಲಕ್ಷಣಗಳನ್ನೂ ಸ್ಕ್ಯಾನಿಂಗನ್ನೂ ಆಧರಿಸಿ ಚಿಕಿತ್ಸೆಯನ್ನು ಆರಂಭಿಸಬಹುದೆಂದು ಹೇಳಿತು. ರೋಗ ಪತ್ತೆಯಾಗುವುದಕ್ಕೇ ಅನೇಕ ವರ್ಷಗಳು ಕಳೆದುಹೋಗುತ್ತಿದ್ದ ಸ್ತ್ರೀಯರಿಗೆ ಇದು ಸಣ್ಣ ಉಪಕಾರವಲ್ಲ. ಈ ರೋಗದೊಡನೆ ಬಾಳುವವರು ಬಿಸಿನೀರಿನ ಚೀಲವನ್ನೂ ವ್ಯಾಯಾಮವನ್ನೂ ಆಶ್ರಯಿಸುವುದಲ್ಲದೆ, ನೋವು ಬಂದ ದಿನ, ಸ್ರಾವದ ಪ್ರಮಾಣ, ಮಲವಿಸರ್ಜನೆಯ ವೇಳೆಯ ಯಾತನೆ, ತಪ್ಪಿದ ತರಗತಿ ಅಥವಾ ಕಚೇರಿಯ ದಿನ ಇವನ್ನು ಗುರುತುಹಾಕಿಟ್ಟುಕೊಂಡ ಪುಸ್ತಕವನ್ನು ವೈದ್ಯರ ಮೇಜಿನ ಮೇಲಿಟ್ಟರೆ, ಪರೀಕ್ಷೆ ಅಲ್ಲಿಂದಲೇ ಆರಂಭವಾಗಬಹುದು.