ದನ ಮತ್ತು ಧನ: ಯಂತ್ರವೊಂದು ಕನ್ನಡ ಓದಲು ಕಲಿತ ಕಥೆ



ಸುಲ್ತಾನ್ ಬಜಾರಿಗೆ ಸೀರೆಗೋ ಬಳೆಗೋ ಹೋದವರು, ಮಕ್ಕಳ ಪಠ್ಯಪುಸ್ತಕಕ್ಕೆಂದು ಕೋಟಿಯ ಹಳೆ ಪುಸ್ತಕದಂಗಡಿಗಳ ಮುಂದೆ ನಿಂತವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಅಲ್ಲಿ ನಿಂತಾಗ ನಿಮಗೇ ಗೊತ್ತಿಲ್ಲದಂತೆ ನೀವು ಒಂದು ಕೆಲಸ ಮಾಡಿರುತ್ತೀರಿ. ಅಂಗಡಿಯ ಮೇಲಿನ ತೆಲುಗು ಬೋರ್ಡನ್ನು ಕನ್ನಡದ ಕಣ್ಣಿನಿಂದ ಕೂಡಿಸಿ ಕೂಡಿಸಿ ಓದಿರುತ್ತೀರಿ. ಗ, ಜ, ಬ, ಲ ಎಲ್ಲ ಹೆಚ್ಚುಕಡಿಮೆ ನಮ್ಮವೇ. ಕ, ತ, ಹ ಬಂದಾಗ ಮಾತ್ರ ಕಣ್ಣು ಒಂದು ಕ್ಷಣ ತಡವರಿಸುತ್ತದೆ. ನಮ್ಮ ತಲಕಟ್ಟು ಅಡ್ಡಗೆರೆಯಂತೆ ಚಾಚಿಕೊಂಡರೆ ತೆಲುಗಿನದು ಮೇಷ್ಟ್ರು ಹಾಕುವ ಸರಿ ಗುರುತಿನಂತೆ ಮೇಲೆದ್ದಿರುತ್ತದೆ. ಅಷ್ಟು ತಿಳಿದರೆ ಸಾಕು, ಎರಡು ವಾರದಲ್ಲಿ ಬೋರ್ಡು ಓದುವುದು ಬಂದುಬಿಡುತ್ತದೆ.

ನಮಗೆ ಎರಡು ವಾರದಲ್ಲಿ ಬಂದದ್ದನ್ನು ಒಂದು ಯಂತ್ರಕ್ಕೆ ಕಲಿಸಲು ಎಷ್ಟು ಕಾಲ ಬೇಕಾಯಿತು ಗೊತ್ತೇ? ಸುಮಾರು ನಲವತ್ತು ವರ್ಷ. ಈ ಕಥೆಯಲ್ಲಿ ಬೆಂಗಳೂರಿದೆ, ಮೈಸೂರಿದೆ, ಅಮೆರಿಕದ ಪಿಟ್ಸ್‌ಬರ್ಗ್ ಇದೆ. ಆದರೆ ಹೈದರಾಬಾದನ್ನು ಬಿಟ್ಟರೆ ಕಥೆಯೇ ನಡೆಯುವುದಿಲ್ಲ.

ಮೊದಲು ಜಾಗದ ಮಾತು. ಸುಲ್ತಾನ್ ಬಜಾರಿನ ಹಳೆಯ ಹೆಸರು ರೆಸಿಡೆನ್ಸಿ ಬಜಾರ್. ಬ್ರಿಟಿಷ್ ರೆಸಿಡೆಂಟನ ಬಂಗಲೆಯ ಸುತ್ತ ಬೆಳೆದ ಪೇಟೆ ಇದು. 1933ರಲ್ಲಿ ಇದನ್ನು ನಿಜಾಮರಿಗೆ ಹಿಂದಿರುಗಿಸಿದ ಮೇಲೆ ಈಗಿನ ಹೆಸರು ಬಂತು. ಪೇಟೆಯ ಆಡಳಿತ ಬ್ರಿಟಿಷರ ಕೈಯಲ್ಲಿದ್ದುದರಿಂದ ನಿಜಾಮರ ರಾಜ್ಯದ ಬೇರೆ ಕಡೆ ಮಾಡಲಾಗದ ಸಭೆ, ಸಂಘಗಳನ್ನು ಇಲ್ಲಿ ಕೊಂಚ ಧೈರ್ಯವಾಗಿ ಮಾಡಬಹುದಿತ್ತು. 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಎಂಬ ಗ್ರಂಥಾಲಯ ಹುಟ್ಟಿದ್ದು ಇಲ್ಲಿಯೇ, ರಾವಿಚೆಟ್ಟು ರಂಗರಾವ್ ಅವರ ಮನೆಯಲ್ಲಿ. ತೆಲುಗು ಗ್ರಂಥಾಲಯಕ್ಕೆ ನಮ್ಮ ಹಂಪಿಯ ದೊರೆಯ ಹೆಸರು! ಆಡಳಿತವೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಊರಿನಲ್ಲಿ ಪುಸ್ತಕಗಳನ್ನು ಒಂದೆಡೆ ಕೂಡಿಡುವುದೇ ಭಾಷೆ ಉಳಿಸುವ ದಾರಿಯಾಗಿತ್ತು. ಬೀದರ, ಗುಲ್ಬರ್ಗ, ರಾಯಚೂರಿನಿಂದ ಬಂದ ಕನ್ನಡಿಗರಿಗೂ ಅದೇ ಮಾತು.

1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ಬೋಧನೆ ಉರ್ದುವಿನಲ್ಲಾದರೂ ರಾಜ್ಯದ ಪಶ್ಚಿಮ ಜಿಲ್ಲೆಗಳ ಭಾಷೆಯಾಗಿ ಕನ್ನಡವೂ ಅಲ್ಲಿ ಪಾಠವಾಯಿತು, ಗ್ರಂಥಾಲಯಕ್ಕೆ ಕನ್ನಡ ಪುಸ್ತಕಗಳೂ ಬಂದವು. 1949ರಲ್ಲಿ ಅದೇ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಕೋಟಿಯ ರೆಸಿಡೆನ್ಸಿ ಬಂಗಲೆಗೆ ಬಂದು ನೆಲೆಸಿತು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿಕೊಂಡವು. ಜಿಲ್ಲೆಗಳು ಹೋದವು, ಪುಸ್ತಕಗಳು ಇಲ್ಲೇ ಉಳಿದವು. ಈ ಪುಸ್ತಕಗಳನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತವೆ.

ಈಗ ಯಂತ್ರದ ಕಡೆಗೆ. ಕಂಪ್ಯೂಟರಿಗೆ ಕ್ಯಾಮರಾ ಜೋಡಿಸಿದರೆ ಅದಕ್ಕೆ ಕಣ್ಣು ಬಂದಂತೆ ಎಂದು ಮೊದಮೊದಲು ದೊಡ್ಡ ದೊಡ್ಡವರೇ ನಂಬಿದ್ದರು. 1966ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಈ ಸಮಸ್ಯೆಯ ದೊಡ್ಡ ಭಾಗವನ್ನು ವಿದ್ಯಾರ್ಥಿಗಳ ಒಂದು ಬೇಸಿಗೆ ರಜೆಯಲ್ಲಿ ಮುಗಿಸಿಬಿಡೋಣ ಎಂದು ಯೋಜನೆ ಹಾಕಿದರು. ಆ ಬೇಸಿಗೆ ಇನ್ನೂ ಮುಗಿದಿಲ್ಲ ಎಂದು ಆ ಕ್ಷೇತ್ರದವರು ತಮಾಷೆ ಮಾಡುವುದುಂಟು. ಕ್ಯಾಮರಾ ಕೊಡುವುದು ಚುಕ್ಕಿಗಳನ್ನು ಮಾತ್ರ. ಇಲ್ಲಿ ಕಪ್ಪು, ಇಲ್ಲಿ ಬಿಳಿ, ಅಷ್ಟೇ. ಆ ಚುಕ್ಕಿಗಳಲ್ಲಿ ಬಾಗಿಲು ಯಾವುದು, ಗೋಡೆ ಯಾವುದು ಎಂದು ರೋಬೋಟಿಗೆ ತಿಳಿಯಬೇಕು. ಅಕ್ಷರವಾದರೆ ಅ ಯಾವುದು, ಆ ಯಾವುದು ಎಂದು ತಿಳಿಯಬೇಕು. ಗೋಡೆಗೆ ಡಿಕ್ಕಿ ಹೊಡೆಯದೆ ನಡೆಯುವ ರೋಬೋಟು ಮತ್ತು ಪುಟ ಓದುವ ಯಂತ್ರ, ಎರಡೂ ಒಂದೇ ಮನೆಯ ಮಕ್ಕಳು.

ನಮ್ಮ ಕಡೆಯ ಲಿಪಿಗಳ ಮೇಲೆ ಈ ಕೆಲಸವನ್ನು ಬಹಳ ಮೊದಲೇ ಮಾಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎಲ್. ದೀಕ್ಷಿತುಲು ಮತ್ತು ರಾಜಶೇಖರನ್. ಅಚ್ಚಾದ ತೆಲುಗು ಅಕ್ಷರಗಳನ್ನು ಯಂತ್ರ ಗುರುತಿಸುವ ಬಗೆಯನ್ನು ಕುರಿತ ಅವರ ಪ್ರಬಂಧ 1977ರಲ್ಲಿ ಪ್ರಕಟವಾಯಿತು. ತೆಲುಗು ಅಕ್ಷರದ ಕೆಲಸ ಕನ್ನಡದ ಊರಿನಲ್ಲಿ! ದೀಕ್ಷಿತುಲು ಅವರು ಆಮೇಲೆ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಗೆ ಬಂದು ಅದರ ನಿರ್ದೇಶಕರಾದರು. ಅಕ್ಷರದ ಗೆರೆ ನೋಡುತ್ತಿದ್ದವರು ಉಪಗ್ರಹದ ಚಿತ್ರದಲ್ಲಿ ನದಿಯ ಗೆರೆ ನೋಡತೊಡಗಿದರು. ವಿದ್ಯೆ ಒಂದೇ, ನೋಡುವ ಎತ್ತರ ಬೇರೆ.

ಬೆಂಗಳೂರಿನಿಂದ ಹೈದರಾಬಾದಿಗೆ ಇನ್ನೊಂದು ವಲಸೆಯೂ ಆಯಿತು. 1986ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬೊಟಿಕ್ಸ್ ಕೇಂದ್ರವನ್ನು ತೆರೆದರು. ಅಲ್ಲಿದ್ದವರಲ್ಲಿ ಪಿ.ಜೆ. ನಾರಾಯಣನ್ ಒಬ್ಬರು. ಅದಕ್ಕೂ ಮೊದಲು ಅವರು ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ತಕಿಯೊ ಕನಾಡೆ ಅವರ ತಂಡದಲ್ಲಿದ್ದು, 51 ಕ್ಯಾಮರಾಗಳನ್ನು ಗುಮ್ಮಟದಂತೆ ಜೋಡಿಸಿ ನಡುವೆ ನಡೆಯುವುದನ್ನೆಲ್ಲ ಮೂರು ಆಯಾಮದಲ್ಲಿ ಹಿಡಿಯುವ ಕೆಲಸ ಮಾಡಿದ್ದರು. 2000ದಲ್ಲಿ ಅವರೂ, ಅದೇ ಬೆಂಗಳೂರು ಕೇಂದ್ರದ ಸಿ.ವಿ. ಜವಾಹರ್ ಅವರೂ ಗಚ್ಚಿಬೌಲಿಯ ತ್ರಿಬಲ್ ಐಟಿಗೆ ಬಂದರು. ಆ ಸಂಸ್ಥೆಗೆ ಆಗ ಎರಡೇ ವರ್ಷ ವಯಸ್ಸು.

ಅದರ ಹಿಂದಿದ್ದ ದೊಡ್ಡ ಹೆಸರು ರಾಜ್ ರೆಡ್ಡಿ. ಚಿತ್ತೂರು ಜಿಲ್ಲೆಯ ಕಾಟೂರಿನವರು. 1979ರಲ್ಲಿ ಕಾರ್ನೆಗಿ ಮೆಲನ್‌ನ ರೊಬೊಟಿಕ್ಸ್ ಇನ್‌ಸ್ಟಿಟ್ಯೂಟ್ ಕಟ್ಟಿ ಅದರ ಮೊದಲ ನಿರ್ದೇಶಕರಾದವರು, 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ರೋಬೋಟಿಗೆ ಕಣ್ಣು, ಕಿವಿ ಕೊಡುವ ಈ ಮನುಷ್ಯ ಹೊಸ ಶತಮಾನದ ಆರಂಭದಲ್ಲಿ ಕೈಗೆತ್ತಿಕೊಂಡದ್ದು ಪುಸ್ತಕವನ್ನು. ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಓದುವಂತೆ ಇಡಬೇಕು ಎಂಬ ಯೋಜನೆ ಅದು. ಭಾರತದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂದು ಹೆಸರಾಯಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆ ಮತ್ತು ಹೈದರಾಬಾದಿನ ತ್ರಿಬಲ್ ಐಟಿ ಅದರ ಎರಡು ಭುಜಗಳು.

ಉಸ್ಮಾನಿಯಾ ಗ್ರಂಥಾಲಯದ ಕನ್ನಡ ಪುಸ್ತಕಗಳ ಧೂಳು ಕೊಡವಿದ್ದು ಆಗ. ಯಾರೂ ಎರವಲು ಪಡೆಯದೆ ದಶಕಗಳ ಕಾಲ ಕೂತಿದ್ದ ಕಾದಂಬರಿ, ನಾಟಕ, ವ್ಯಾಕರಣ, ಪಂಚಾಂಗದಂಥ ಪುಸ್ತಕಗಳು ಒಂದೊಂದಾಗಿ ಸ್ಕ್ಯಾನರಿನ ಕೆಳಗೆ ಬಂದವು. ಬೆಂಗಳೂರು, ಧಾರವಾಡಗಳಲ್ಲೂ ಸುಲಭವಾಗಿ ಸಿಗದ ಪುಸ್ತಕಗಳನ್ನು ಇಂದಿಗೂ ಕನ್ನಡ ಸಂಶೋಧಕರು ಉಸ್ಮಾನಿಯಾದ ಮೊಹರಿರುವ ಪುಟಗಳಲ್ಲಿ ಓದುತ್ತಾರೆ. ಹೈದರಾಬಾದಿನ ಕನ್ನಡಿಗರು ಕಾಲರ್ ಎತ್ತಿಕೊಳ್ಳಬಹುದಾದ ಸಂಗತಿ ಇದು. ನಾವು ಇದನ್ನು ಅಷ್ಟಾಗಿ ಹೇಳಿಕೊಂಡಿಲ್ಲ ಎಂಬುದೇ ನನ್ನ ದೂರು.

ಆದರೆ ಒಂದು ತೊಡಕಿತ್ತು. ಸ್ಕ್ಯಾನರ್ ಪುಟವನ್ನು ನೋಡಿತು, ಓದಲಿಲ್ಲ. ಪ್ರತಿ ಪುಟವೂ ಒಂದು ಫೋಟೋ. ಅದರಲ್ಲಿ ಬೀದರ ಎಂಬ ಪದ ಎಲ್ಲಿದೆ ಎಂದು ಹುಡುಕಲು ಆಗದು. ಪುಸ್ತಕದ ಹೆಸರನ್ನಾದರೂ ಕನ್ನಡದಲ್ಲಿ ಬರೆದಿದ್ದರೆ? ಅದೂ ಇಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ, ಬೆರಳಚ್ಚು ಮಾಡಿದವರಿಗೆ ತೋಚಿದ ಕಾಗುಣಿತದಲ್ಲಿ ಪಟ್ಟಿಯಾಗಿತ್ತು. ಪುಸ್ತಕ ಸಿಕ್ಕಿತು, ವಿಳಾಸ ಕಳೆಯಿತು ಎಂಬಂತಾಯಿತು. ಮುಂದೆ 2014ರ ಸುಮಾರಿಗೆ ಸಂಚಯ ಎಂಬ ಕನ್ನಡ ಉತ್ಸಾಹಿಗಳ ತಂಡ, ಸಾವಿರಾರು ಶೀರ್ಷಿಕೆಗಳನ್ನು ಊರೂರಿನ ಸ್ವಯಂಸೇವಕರ ಕೈಯಿಂದ ಕನ್ನಡಕ್ಕೆ ಬರೆಸಿ, ಹುಡುಕಬಹುದಾದ ಪಟ್ಟಿ ಮಾಡಿತು. ಹೆಸರನ್ನು ಮನುಷ್ಯರು ಬರೆದರು ಸರಿ. ಒಳಗಿನ ಲಕ್ಷಾಂತರ ಪುಟಗಳನ್ನು?

ಅಲ್ಲಿ ಯಂತ್ರವೇ ಓದಬೇಕು. ಯಂತ್ರಕ್ಕೆ ಕನ್ನಡ ಏಕೆ ಕಷ್ಟ ಎಂದು ನೋಡೋಣ. ಇಂಗ್ಲಿಷಿನಲ್ಲಿ ದೊಡ್ಡದು ಚಿಕ್ಕದು ಸೇರಿ 52 ಆಕಾರ. ನಮ್ಮಲ್ಲಿ 34 ವ್ಯಂಜನಕ್ಕೆ 16 ಸ್ವರಗಳನ್ನು ಹಚ್ಚಿದರೆ 544 ಗುಣಿತಾಕ್ಷರ. ಪ್ರತಿಯೊಂದಕ್ಕೂ ಒಂದೊಂದು ಒತ್ತು ಸೇರಿಸುತ್ತಾ ಹೋದರೆ ಲೆಕ್ಕ 18,496 ಮುಟ್ಟುತ್ತದೆ. ಎಲ್ಲವೂ ಬಳಕೆಯಲ್ಲಿಲ್ಲ ನಿಜ. ಆದರೂ ಒಂದೊಂದಕ್ಕೂ ಮಾದರಿ ಕೊಟ್ಟು ಕಲಿಸುವುದು ಆಗದ ಮಾತು. ಅಲ್ಲದೆ ಒತ್ತು ಸಾಲಿನ ಕೆಳಗೆ ಇಳಿದು ಕೂರುತ್ತದೆ. ಅದು ಮೇಲಿನ ಅಕ್ಷರದ್ದೋ ಕೆಳಗಿನ ಸಾಲಿನದ್ದೋ ಎಂದು ಯಂತ್ರಕ್ಕೆ ಗೊಂದಲ. ಅರ್ಕಾವೊತ್ತಂತೂ ಇನ್ನೂ ಕಿಲಾಡಿ. ಧರ್ಮ ಎನ್ನುವಾಗ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಬರೆಯುವುದು ಮಕಾರದ ನಂತರ. ಕಣ್ಣಿಗೆ ಕಂಡ ಕ್ರಮದಲ್ಲೇ ಬರೆದುಕೊಂಡರೆ ಯಂತ್ರದ ಧರ್ಮ ಕೆಟ್ಟುಹೋಗುತ್ತದೆ.

ದನ ಮತ್ತು ಧನ ಪದಗಳನ್ನೇ ನೋಡಿ. ದಕಾರದ ಹೊಟ್ಟೆಯ ಕೆಳಗೆ ಒಂದು ಸಣ್ಣ ಸೀಳು, ಅಷ್ಟೇ ವ್ಯತ್ಯಾಸ. ಅಂದಿನ ಸ್ಕ್ಯಾನಿಂಗ್ ಇಂಚಿಗೆ 600 ಚುಕ್ಕಿಯ ಲೆಕ್ಕದಲ್ಲಿ ನಡೆದರೂ ಚಿತ್ರವನ್ನು ಶುದ್ಧ ಕಪ್ಪು, ಶುದ್ಧ ಬಿಳಿ ಎಂದು ಎರಡೇ ಬಣ್ಣದಲ್ಲಿ ಇಡುತ್ತಿದ್ದರು. ಹಳೆಯ ಅಚ್ಚಿನ ಮೊಳೆ ಸವೆದಿದ್ದರೆ ಸೀಳು ಮಾಯ. ಮಸಿ ಹರಡಿದ್ದರೂ ಮಾಯ. ಸಾಹುಕಾರನ ಧನವೆಲ್ಲ ಕೊಟ್ಟಿಗೆ ಸೇರುತ್ತದೆ. ಬಕಾರ ಭಕಾರ, ಡಕಾರ ಢಕಾರಗಳದ್ದೂ ಇದೇ ಹಾಡು. ಸೊನ್ನೆಯ ಕಥೆ ಕೇಳಲೇಬೇಡಿ. ಅದು ಅನುಸ್ವಾರವೋ ಅಂಕಿಯೋ ಎಂದು ಆಕಾರ ನೋಡಿ ಹೇಳುವುದು ದೇವರಿಗೂ ಕಷ್ಟ.

ಸಂಶೋಧಕರು ಹಿಡಿದ ಉಪಾಯ, ಅಕ್ಷರವನ್ನು ಅಕ್ಷರವೆಂದೇ ನೋಡದಿರುವುದು. ಮೈಸೂರು ವಿಶ್ವವಿದ್ಯಾಲಯದ ಪಿ. ನಾಗಭೂಷಣ್ ಅವರು ಸಹೋದ್ಯೋಗಿಯೊಡನೆ 1999ರಲ್ಲಿ, ಬೇರೆ ಬೇರೆ ಗಾತ್ರದ ಕನ್ನಡ ಅಕ್ಷರಗಳನ್ನು ಭಾಗ ಭಾಗವಾಗಿ ಒಡೆದು ಗುರುತಿಸುವ ಪ್ರಯೋಗ ಪ್ರಕಟಿಸಿದರು. 2002ರಲ್ಲಿ ವಿಜ್ಞಾನ ಸಂಸ್ಥೆಯ ಟಿ.ವಿ. ಅಶ್ವಿನ್ ಮತ್ತು ಪಿ.ಎಸ್. ಶಾಸ್ತ್ರಿ ಪದವನ್ನು ಅಕ್ಷರಕ್ಕಿಂತ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಇದೋ ಅದೋ ಎಂಬ ಎರಡೆರಡರ ಪ್ರಶ್ನೆಗಳಿಂದ ಜರಡಿ ಹಿಡಿದರು. ಅದಕ್ಕೂ ಒಂದು ವರ್ಷ ಮೊದಲು, 2001ರಲ್ಲಿ, ಹೈದರಾಬಾದ್ ವಿಶ್ವವಿದ್ಯಾಲಯದ ಅತುಲ್ ನೇಗಿ ಮತ್ತು ಚಕ್ರವರ್ತಿ ಭಾಗವತಿ ಅವರ ತಂಡ ತೆಲುಗಿಗೆ ಇಂಥದ್ದೇ ವ್ಯವಸ್ಥೆಯನ್ನು ಮುಂದಿಟ್ಟಿತ್ತು. ಒಂದೇ ತಾಯಿಯ ಎರಡು ಲಿಪಿಗಳಿಗೆ ಎರಡು ಊರಿನಲ್ಲಿ ಒಂದೇ ತಲೆನೋವು.

ಜವಾಹರ್ ಮತ್ತು ಅವರ ವಿದ್ಯಾರ್ಥಿಗಳು ಹಿಡಿದ ಇನ್ನೊಂದು ದಾರಿ ರೇಡಿಯೋ ಕೇಳುಗರಾದ ನಿಮಗೆ ವಿಶೇಷವಾಗಿ ಇಷ್ಟವಾಗಬೇಕು. ಓದಲು ಬಾರದಿದ್ದರೆ ಬೇಡ, ಹುಡುಕಲಾದರೂ ಬರಲಿ ಎಂದರು ಅವರು. ಬೇಕಾದ ಪದದ ಚಿತ್ರವನ್ನೇ ಕೊಟ್ಟು, ಅದನ್ನು ಹೋಲುವ ಚಿತ್ರ ಯಾವ ಪುಟದಲ್ಲಿದೆ ಎಂದು ಹುಡುಕಿಸುವುದು. ಒಂದು ಅಚ್ಚುಕೂಟದಲ್ಲಿ ಪದ ಅಗಲವಾಗಿರುತ್ತದೆ, ಇನ್ನೊಂದರಲ್ಲಿ ಒತ್ತಿಕೊಂಡಿರುತ್ತದೆ. ಆದ್ದರಿಂದ ಚಿತ್ರವನ್ನು ರಬ್ಬರಿನಂತೆ ಎಳೆದು ಕುಗ್ಗಿಸಿ ಹೋಲಿಸಬೇಕು. ಈ ಎಳೆದು ಹೋಲಿಸುವ ಲೆಕ್ಕ ಬಂದದ್ದು ಮಾತು ಗುರುತಿಸುವ ಸಂಶೋಧನೆಯಿಂದ! ನಮಸ್ಕಾರ ಎಂದು ಒಬ್ಬರು ಅವಸರದಲ್ಲಿ, ಇನ್ನೊಬ್ಬರು ರಾಗ ಎಳೆದು ಹೇಳಿದರೂ ಒಂದೇ ಪದ ಎಂದು ತಿಳಿಯಲು ಮಾಡಿದ ಉಪಾಯ ಅದು. ಕಿವಿಯ ವಿದ್ಯೆ ಕಣ್ಣಿಗೆ ನೆರವಾಯಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದು ಬೇಗ ನಡೆಯಿತು. ಎಚ್‌ಪಿ ಕಂಪನಿಯವರು 1980ರ ದಶಕದಲ್ಲಿ ಶುರುಮಾಡಿ ಕೈಬಿಟ್ಟಿದ್ದ ಟೆಸೆರಾಕ್ಟ್ ಎಂಬ ಓದುವ ತಂತ್ರಾಂಶ 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು, ಗೂಗಲ್ ಅದನ್ನು ಬೆಳೆಸಿತು, ಕನ್ನಡವೂ ಸೇರಿತು. ಅಕ್ಷರವನ್ನು ಕತ್ತರಿಸದೆ ಇಡೀ ಸಾಲನ್ನೇ ಓದುವ ನರಜಾಲ ವಿಧಾನ ಬಂದ ಮೇಲೆ ತಪ್ಪುಗಳು ಬಹಳ ಇಳಿದವು. ಅಕ್ಕಪಕ್ಕದ ಮಾತು ನೋಡಿ ಇದು ದನವಲ್ಲ, ಧನ ಎಂದು ಊಹಿಸುವಷ್ಟು ಜಾಣತನ ಯಂತ್ರಕ್ಕೆ ಬಂತು. ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಮತ್ತು ಎಚ್.ಆರ್. ಶಿವಕುಮಾರ್ ರೂಪಿಸಿದ ಲಿಪಿ ಜ್ಞಾನಿ, ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತಗಳನ್ನೂ ಓದುವಂತೆ ಸಿದ್ಧವಾಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಸ್ಕ್ಯಾನ್ ಪುಸ್ತಕಗಳು 2017ರ ಸುಮಾರಿಗೆ ಇಂಟರ್ನೆಟ್ ಆರ್ಕೈವ್ ಸೇರಿದವು. ಉಸ್ಮಾನಿಯಾದ ನಮ್ಮ ಪುಸ್ತಕಗಳನ್ನೂ ಅಲ್ಲಿ ಕಾಣಬಹುದು.

ಇದರಿಂದ ನಮಗೇನು ಎಂದು ಕೇಳುತ್ತೀರಾ? ಕಣ್ಣು ಕಾಣದ ಕೇಳುಗರಿಗೆ ಉತ್ತರ ಗೊತ್ತೇ ಇದೆ. ಯಂತ್ರ ಓದಿದ ಪುಟವನ್ನು ಯಂತ್ರದ ಧ್ವನಿ ಹೇಳಬಲ್ಲದು, ಫೋಟೋವನ್ನು ಹೇಳಲಾರದು. ಉಳಿದವರು ಮನೆಯ ಮಕ್ಕಳನ್ನು ನೋಡಿ. ಹೈದರಾಬಾದಿನ ಎಷ್ಟೋ ಕನ್ನಡ ಮನೆಗಳಲ್ಲಿ ಮಗು ಅಜ್ಜಿಯೊಡನೆ ಕನ್ನಡ ಮಾತಾಡುತ್ತದೆ, ಶಾಲೆಯಲ್ಲಿ ತೆಲುಗು ಕಲಿಯುತ್ತದೆ, ಕನ್ನಡ ಪುಸ್ತಕ ಕೊಟ್ಟರೆ ತಿರುಗಿಸಿ ಇಟ್ಟುಬಿಡುತ್ತದೆ. ಭಾಷೆ ಬರುತ್ತದೆ, ಅಕ್ಷರ ಬರುವುದಿಲ್ಲ. ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆಯಷ್ಟೆ. ತೆಲುಗಿನ ಕಕಾರದ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ಕಕಾರ. ಗಕಾರಕ್ಕೂ 128, ಮಕಾರಕ್ಕೂ 128. ಪಟ್ಟಿ ಮಾಡಿದವರು ಎರಡೂ ಲಿಪಿಗಳನ್ನು ಅಕ್ಕತಂಗಿಯರಂತೆ ಎದುರುಬದುರು ಕೂರಿಸಿದ್ದಾರೆ. ಫೋಟೋ ಒಮ್ಮೆ ಅಕ್ಷರವಾಯಿತೆಂದರೆ ಒಂದು ಕಳೆಯುವ ಲೆಕ್ಕದಲ್ಲಿ ಇಡೀ ಕನ್ನಡ ಪುಸ್ತಕ ತೆಲುಗು ಲಿಪಿಗೆ ಬರುತ್ತದೆ. ಮಾತು ಕನ್ನಡದ್ದೇ, ಅಂಗಿ ತೆಲುಗಿನದು. ಮೊಮ್ಮಗಳು ಅಜ್ಜನ ಕಾಲದ ಕಾದಂಬರಿಯನ್ನು ತನಗೆ ಬರುವ ಅಕ್ಷರದಲ್ಲಿ ಜೋರಾಗಿ ಓದಬಹುದು, ಅಜ್ಜಿ ಕೇಳಬಹುದು. ಕನ್ನಡ ಅಕ್ಷರ ಕಲಿಸುವುದನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ, ಸಿಟ್ಟಾಗಬೇಡಿ. ಕಲಿಯುವ ತನಕ ಕಥೆ ಕಾಯಬೇಕಾಗಿಲ್ಲ, ಅಷ್ಟೇ.

ಕೆಲವು ಕಡೆ ಮಾತ್ರ ಯಂತ್ರ ಇನ್ನೂ ಎಡವುತ್ತದೆ. ಕಲ್ಲಚ್ಚಿನ ಪುಸ್ತಕಗಳು, ಹೊಲಿಗೆಯ ಕಡೆ ಬಾಗಿದ ಪುಟದ ಕೊನೆಯ ಅಕ್ಷರಗಳು, ಗೆದ್ದಲು ತಿಂದ ಮೂಲೆಗಳು, ಯಾರೋ ವಿದ್ಯಾರ್ಥಿ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಉರ್ದುವಿನಲ್ಲಿ ಬರೆದುಕೊಂಡ ಅರ್ಥ. ಅಂಥ ಕಡೆ ಈಗಲೂ ಯಾರಾದರೂ ಕೂತು, ಮೂಲ ಪುಟವನ್ನು ಪಕ್ಕದಲ್ಲಿಟ್ಟುಕೊಂಡು, ಸಾಲು ಸಾಲಾಗಿ ತಿದ್ದುತ್ತಾರೆ.