ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ

ಕೋಳಿಯ ಕರುಳಿನಲ್ಲಿ ಸಾಮಾನ್ಯವಾಗಿ ತೊಂದರೆ ಕೊಡದೆ ನೆಲೆಸಿದ್ದು, ಅರೆಬೆಂದ ಮಾಂಸದ ಮೂಲಕ ಮನುಷ್ಯನನ್ನು ಸೇರಿ ಜ್ವರ, ಭೇದಿ ತರುವ ಸುರುಳಿಯಾಕಾರದ ಬ್ಯಾಕ್ಟೀರಿಯ. ಕೋಳಿಯ ಮೈಯ ಸುಮಾರು 42 ಡಿಗ್ರಿ ಸೆಲ್ಸಿಯಸ್ ಬಿಸಿ ಇದಕ್ಕೆ ಹಿತ. ಕಶಾಂಗಗಳ ಬಲದಿಂದ ಕರುಳಿನ ಲೋಳೆಯನ್ನು ತೂರಿಕೊಂಡು ಹೋಗುತ್ತದೆ. ಇದರ ವಿಷ ಜೀವಕೋಶದ ಡಿಎನ್‌ಎಯನ್ನೇ ಕತ್ತರಿಸುತ್ತದೆ. ಅಪರೂಪಕ್ಕೆ, ನರಗಳನ್ನು ಕುಂದಿಸುವ ಗಿಲಾನ್-ಬಾರೆ ಕಾಯಿಲೆಯೂ ಬೆನ್ನಿಗೇ ಬರಬಹುದು. ಈ ಬ್ಯಾಕ್ಟೀರಿಯದ ಜೈರೇಸ್ ಕಿಣ್ವದ ಜೀನಿನಲ್ಲಿ ಒಂದೇ ಒಂದು ಬದಲಾವಣೆಯಾದರೂ ಸಿಪ್ರೊಫ್ಲಾಕ್ಸಸಿನ್ ಔಷಧ ಇದಕ್ಕೆ ನಾಟದು. ಅದೇ ಗುಂಪಿನ ಎನ್ರೊಫ್ಲಾಕ್ಸಸಿನ್ ಅನ್ನು ನೀರಿನಲ್ಲಿ ಬೆರೆಸಿ ಇಡೀ ಹಿಂಡಿಗೇ ಕುಡಿಸುವ ರೂಢಿಯಿಂದ ಪ್ರತಿರೋಧಿ ತಳಿಗಳು ಹೆಚ್ಚಿದವು. ಕೋಳಿಗಳಿಗೆ ಅದನ್ನು ನಿಲ್ಲಿಸುವ ಪ್ರಸ್ತಾವ ಅಮೆರಿಕದಲ್ಲಿ ಬಂದದ್ದು 2000ದಲ್ಲಿ, ನಿಷೇಧ 2005ರಲ್ಲಿ. ತಡವಾಯಿತು ಎನ್ನದೆ ವಿಧಿಯಿಲ್ಲ. ಔಷಧಕ್ಕೆ ಬಗ್ಗದ ತಳಿಯೂ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.